ಜೇನಂಟಿನ ಗುಣ ಮತ್ತು ನಮ್ಮ ಹೊಣೆ



ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಂತಹ ನಗರ ಪ್ರದೇಶದಲ್ಲೂ ಹಳೆಯ ಗೋಡೆಯ ಸಂದುಗಳನ್ನೂ ಮರದ ಪೊಟರೆಗಳನ್ನೂ ಗಮನಿಸಿ ನೋಡಿ. ಸಣ್ಣ ಅಂಟಿನ ಕೊಳವೆಯೊಂದು ಕಂಡರೆ ಅದು ಮಿಸರಿ ಜೇನಿನ ಮನೆಬಾಗಿಲು. ಕರಾವಳಿಯವರು ಇದನ್ನೇ ಮುಜಂಟಿ ಎನ್ನುತ್ತಾರೆ. ಈ ನೊಣದ ಉದ್ದ ಸುಮಾರು 4 ಮಿಲಿಮೀಟರ್ ಮಾತ್ರ; ಚುಚ್ಚಬಲ್ಲ ಕೊಂಡಿಯೂ ಇದಕ್ಕಿಲ್ಲ.

ಪವಿತ್ರ ಕುರ್‌ಆನಿನ 16ನೆಯ ಅಧ್ಯಾಯದ ಹೆಸರೇ ‘ಅನ್ನಹ್ಲ್’, ಅಂದರೆ ಜೇನ್ನೊಣ. ಬೆಟ್ಟ, ಮರ ಹಾಗೂ ಮನುಷ್ಯರು ಕಟ್ಟುವ ಆಸರೆಗಳಲ್ಲಿ ಗೂಡು ಮಾಡುವಂತೆ ಅಲ್ಲಾಹನು ಜೇನ್ನೊಣಕ್ಕೆ ಪ್ರೇರಣೆಯಿತ್ತನೆಂದೂ ಅದರ ಹೊಟ್ಟೆಯಿಂದ ಬರುವ ಪಾನೀಯದಲ್ಲಿ ಜನರಿಗೆ ಉಪಶಮನವಿದೆಯೆಂದೂ 68 ಮತ್ತು 69ನೆಯ ಸೂಕ್ತಗಳು ತಿಳಿಸುತ್ತವೆ.

ಕೊಂಡಿಯಿಲ್ಲದ ಜೀವಿ ತನ್ನ ಮನೆಯನ್ನು ಕಾಯುವುದು ಹೇಗೆ? ಮರಗಳು ಸ್ರವಿಸುವ ಅಂಟನ್ನು ಅದು ಹಿಂಗಾಲುಗಳಲ್ಲಿ ಹೊತ್ತು ತಂದು, ತನ್ನ ಮೇಣದೊಡನೆ ಬೆರೆಸಿ ಬಿರುಕುಗಳನ್ನು ಮುಚ್ಚುತ್ತದೆ. ನುಗ್ಗಿದ ಇರುವೆ ಅದರಲ್ಲಿ ಸಿಕ್ಕಿಬೀಳುತ್ತದೆ. ಈ ಜೇನಂಟಿಗೆ ಪ್ರೋಪೊಲಿಸ್ ಎಂದು ಹೆಸರು.

ಹೆಚ್ಚಿಟ್ಟ ಸೇಬು ಗಾಳಿ ತಗುಲಿ ಕಂದುವುದನ್ನೂ ನಿಂಬೆರಸ ಸವರಿದರೆ ಅದು ತಡವಾಗುವುದನ್ನೂ ನೀವು ಬಲ್ಲಿರಿ. ನಮ್ಮ ದೇಹದಲ್ಲೂ ಆಮ್ಲಜನಕದಿಂದ ಹುಟ್ಟುವ ಕೆಲವು ಚಂಚಲ ಕಣಗಳು ಜೀವಕೋಶಗಳಿಗೆ ಹಾನಿ ಮಾಡುತ್ತವೆ. ಅವನ್ನು ತಣಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು. ಜೇನಂಟಿನಲ್ಲಿರುವ ಫೀನಾಲ್ ಮತ್ತು ಫ್ಲೇವನಾಯ್ಡ್‌ಗಳಿಗೆ ಈ ಗುಣವಿದೆ. ಪ್ರಯೋಗಶಾಲೆಯಲ್ಲಿ ಡಿ.ಪಿ.ಪಿ.ಎಚ್. ಎಂಬ ನೇರಳೆ ದ್ರಾವಣಕ್ಕೆ ಅಂಟಿನ ಸಾರ ಬೆರೆಸುತ್ತಾರೆ. ನೇರಳೆ ಬಣ್ಣ ಎಷ್ಟು ಮಾಸಿ ಹಳದಿಗೆ ತಿರುಗಿತೋ ಅಷ್ಟು ಶಕ್ತಿಯೆಂದು ಲೆಕ್ಕ. ಪಶ್ಚಿಮ ಮಹಾರಾಷ್ಟ್ರದ ಮನೆಮದ್ದಿನಲ್ಲಿರುವ ಇಂತಹ ಅಂಟಿಗೆ ರೋಗಾಣುಗಳನ್ನು ತಡೆಯುವ ಗುಣವಿದೆಯೆಂದು ಪುಣೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದರು.

ಆದರೆ ಇಲ್ಲಿ ವಿವೇಕ ಬೇಕು. ಗಾಜಿನ ನಳಿಗೆಯಲ್ಲಿ ಬಣ್ಣ ಮಾಸಿತೆಂದ ಮಾತ್ರಕ್ಕೆ ದೇಹದಲ್ಲಿ ರೋಗ ವಾಸಿಯಾಗುವುದೆಂದಲ್ಲ. ನೊಣ ಯಾವ ಮರದ ಅಂಟು ತಂದಿತೋ ಅದರಂತೆ ಗುಣವೂ ಬದಲಾಗುತ್ತದೆ. ಕೆಲವರ ಚರ್ಮಕ್ಕೆ ಇದು ತುರಿಕೆ, ಗುಳ್ಳೆ ತರುತ್ತದೆ. ಉಬ್ಬಸದವರೂ ಜೇನಿನ ಅಲರ್ಜಿಯವರೂ ವೈದ್ಯರನ್ನು ಕೇಳದೆ ಸೇವಿಸಬಾರದು. ಇದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವುದು ಅಪಾಯಕರ.

ಇನ್ನೊಂದು ವಿಷಯ. ಸೂಕ್ತವು ಹೇಳುವುದು ಹೊಟ್ಟೆಯಿಂದ ಬರುವ ಪಾನೀಯದ ಕುರಿತು; ಅಂಟಾದರೋ ಮರದಿಂದ ತಂದದ್ದು. ಹೀಗಿರುವಾಗ ಅಂಟಿನ ಸೀಸೆಗೆ ಆ ಸೂಕ್ತವನ್ನು ಅಂಟಿಸಿ ‘ಸರ್ವರೋಗ ನಿವಾರಕ’ವೆಂದು ಮಾರುವುದು ಸರಿಯೇ? ಮೇಲೆ ಒಣಗಿದ ಧಾನ್ಯವಿಟ್ಟು ಒದ್ದೆಯಾದುದನ್ನು ಅಡಿಯಲ್ಲಿ ಮರೆಸಿದ ವ್ಯಾಪಾರಿಯನ್ನು ಪ್ರವಾದಿ(ಸ)ರವರು ಎಚ್ಚರಿಸಿದ್ದು ನಿಮಗೆ ತಿಳಿದೇ ಇದೆ. ಇಲ್ಲಿ ಮರೆಸುವುದು ಧಾನ್ಯವನ್ನಲ್ಲ, ರೋಗಿಯ ಪ್ರಾಣಕ್ಕೆ ಸಂಬಂಧಿಸಿದ ಸತ್ಯವನ್ನು.

ಚಿಕಿತ್ಸೆ ಪಡೆಯಿರೆಂದು ಕಲಿಸಿದವರೂ ಅವರೇ. ಆದ್ದರಿಂದ ಜೇನಂಟಿನ ಗುಣವನ್ನು ಇದ್ದಷ್ಟೇ ಹೇಳೋಣ. ಗೋಡೆಯ ಸಂದಿನ ಗೂಡನ್ನು ಅಂಟಿನ ಆಸೆಗೆ ಒಡೆಯದಿರೋಣ. ಸತ್ಯವನ್ನರಿತು ಅದರಂತೆ ನಡೆಯುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.