ತುಕ್ಕು ಹಿಡಿದ ಕುರ್ಚಿಗೆ ಪುರಾತನದ ಮೆರುಗು

ರಾಜಾಜಿನಗರ, ವಿಜಯನಗರಗಳ ಹಳೆಯ ಮನೆಗಳ ತಾರಸಿಯ ಮೂಲೆಯಲ್ಲಿ ಕಬ್ಬಿಣದ ಕುರ್ಚಿಯೊಂದು ಮಳೆಯಲ್ಲಿ ನೆನೆಯುತ್ತ ಬಿದ್ದಿರುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಬಣ್ಣ ಹಕ್ಕಳೆ ಎದ್ದಿರುತ್ತದೆ. ಮುಟ್ಟಿದರೆ ಕೈಗೆ ಕೆಂಪು ಪುಡಿ ಅಂಟುತ್ತದೆ. ಅದನ್ನು ಗುಜರಿಗೆ ಹಾಕುವ ಮೊದಲು ಸ್ವಲ್ಪ ವಿಚಾರ ಮಾಡೋಣ. ಹಳೆಯ ಕಂಚಿನ ಸಾಮಾನಿನಂತೆ ಅದು ಹಜಾರಕ್ಕೆ ಶೋಭೆ ತರುವಂತೆ ಮಾಡಬಹುದು.

ಮುಪ್ಪು ಎಲ್ಲ ಲೋಹಗಳಿಗೂ ಒಂದೇ ಫಲವನ್ನು ಕೊಡುವುದಿಲ್ಲ. ತಾಮ್ರ, ಕಂಚುಗಳ ಮೇಲೆ ಗಾಳಿ ಮತ್ತು ತೇವಗಳಿಂದ ಉಂಟಾಗುವ ಕಂದು ಅಥವಾ ಹಸಿರು ಪೊರೆಯು ಸಾಮಾನ್ಯವಾಗಿ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಪಾಡುತ್ತದೆ. ನಮ್ಮ ಬೀದರಿನ ಕುಶಲಕರ್ಮಿಗಳು ಇಂತಹ ಪೊರೆಯನ್ನು ಬೇಕೆಂದೇ ತರಿಸುತ್ತಾರೆ. ಬಿದರಿ ಸಾಮಾನಿನಲ್ಲಿ ಹೆಚ್ಚು ಪಾಲು ಸತು, ಉಳಿದುದು ತಾಮ್ರ. ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರವನ್ನು ನೀರಿನಲ್ಲಿ ಕಲಸಿ ಹಚ್ಚಿದಾಗ ಈ ಮಿಶ್ರಲೋಹ ಕಡುಗಪ್ಪಾಗುತ್ತದೆ. ಕೂರಿಸಿದ ಬೆಳ್ಳಿಯ ಚಿತ್ತಾರ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಕಬ್ಬಿಣದ ತುಕ್ಕು ಹಾಗಲ್ಲ. ನೀರು ಮತ್ತು ಆಮ್ಲಜನಕ ಎರಡೂ ಕೂಡಿದಾಗ ಹುಟ್ಟುವ ಅದು, ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆದುದರಿಂದ ಪದರಪದರವಾಗಿ ಎದ್ದು ಉದುರಿ, ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಹೀಗಿರುವಾಗ ನಿಜವಾದ ಮುಪ್ಪನ್ನು ತಡೆದು, ಮುಪ್ಪಿನ ತೋರಿಕೆಯನ್ನಷ್ಟೇ ಬಣ್ಣದಿಂದ ತರುವುದು ಜಾಣತನ.

ಕೆಲಸಕ್ಕೆ ತೊಡಗುವ ಮೊದಲು ಒಂದು ಎಚ್ಚರಿಕೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಬಾರದು, ಬೆಂಕಿಯಿಂದ ಸುಡಲೂಬಾರದು. ಸೀಸದ ಧೂಳು ಅಲ್ಪವಾದರೂ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಟ್ಟು, ಮುಖಕ್ಕೆ ಮುಸುಕು, ಕೈಗೆ ಗವಸು ಧರಿಸಿ, ನೀರು ಹಚ್ಚುತ್ತ ವಾಟರ್ ಪೇಪರಿನಿಂದ ಉಜ್ಜಬೇಕು. ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲಿನ ಕೆಸರನ್ನು ತೋಟದ ಮಣ್ಣಿಗೆ ಸುರಿಯದೆ, ಚೀಲದಲ್ಲಿ ಕಟ್ಟಿ ಅಪಾಯಕಾರಿ ಕಸವೆಂದು ಬೇರೆಯಾಗಿಯೇ ಕೊಡಬೇಕು. ಕೆಲಸ ಮುಗಿದೊಡನೆ ಕೈ ತೊಳೆದು ಬಟ್ಟೆ ಬದಲಿಸಬೇಕು.

ಇನ್ನು ಕ್ರಮವನ್ನು ನೋಡೋಣ. ತುಕ್ಕು ಹೋದ ಕುರ್ಚಿಯನ್ನು ಒರೆಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ತಡಮಾಡದೆ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಬೇಕು. ತೇವದ ಮೇಲೆ ಬಳಿದರೆ ತುಕ್ಕು ಒಳಗೊಳಗೇ ಬೆಳೆಯುತ್ತದೆ. ಆದುದರಿಂದ ಮಳೆಗಾಲ ಈ ಕೆಲಸಕ್ಕೆ ಹೊಂದದು. ಪ್ರೈಮರ್ ಒಣಗಿದ ಮೇಲೆ ಕಂಚಿನ ಬಣ್ಣವನ್ನು ತೆಳುವಾಗಿ ಎರಡು ಸಲ ಹಚ್ಚಿ, ಪೂರ್ಣ ಗಟ್ಟಿಯಾಗಲು ಕೆಲವು ದಿನ ಬಿಡಬೇಕು. ಅವಸರಪಟ್ಟರೆ ಮುಂದಿನ ಹಂತದ ಟರ್ಪೆಂಟೈನ್ ಅದನ್ನು ಕರಗಿಸೀತು. ಬಳಿಕ ಕಡುಗಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಬಳಿದು, ಕೂಡಲೇ ಹತ್ತಿಯ ಬಟ್ಟೆಯಿಂದ ಒರೆಸಬೇಕು. ಉಬ್ಬುಗಳಲ್ಲಿ ಕಂಚು ಹೊಳೆಯುವುದು. ತಗ್ಗುಗಳಲ್ಲಿ ಕಂದು ನಿಲ್ಲುವುದು. ಬಹುಕಾಲ ಕೈ ಸೋಕಿದ ವಸ್ತುವೂ ಹೀಗೆಯೇ ಸವೆಯುತ್ತದೆಯಲ್ಲವೆ? ಕಣ್ಣು ಮೋಸಹೋಗುವುದು ಈ ಕಾರಣದಿಂದಲೇ. ಎಲ್ಲವೂ ಒಣಗಿದ ಮೇಲೆ ಬಣ್ಣವಿಲ್ಲದ ವಾರ್ನಿಷನ್ನು ಒಂದು ಸಲ ಬಳಿದರೆ ಕೆಲಸ ಮುಗಿಯಿತು.

ಕುರ್ಚಿ ನೋಡುವುದಕ್ಕೆ ಹಳೆಯದಾಯಿತು, ಬಾಳಿಕೆಯಲ್ಲಿ ಹೊಸದಾಯಿತು.