ಟಿಸಿಗೆ ಸಹಿ ಮಾಡುವ ಮೊದಲು

ಒಂಬತ್ತನೇ ತರಗತಿಯ ಹುಡುಗನ ಬ್ಯಾಗಿನಲ್ಲಿ ತಂಬಾಕಿನ ಚೀಟಿ ಸಿಕ್ಕಿತು, ಇಲ್ಲವೇ ಬಸ್ ನಿಲ್ದಾಣದಲ್ಲಿ ಹೊಡೆದಾಟವಾಯಿತು ಎಂದರೆ ನಮ್ಮ ಕಡೆ ಪಾಲಕರ ಕಿವಿಗೆ ಬೀಳುವ ಮೊದಲ ಮಾತು: ‘ಟಿಸಿ ತಗೊಂಡ ಹೋಗ್ರಿ.’ ಅಪ್ಪನೂ ಮರ್ಯಾದೆ ಹೋಯಿತೆಂದು ಹುಡುಗನಿಗೆ ನಾಲ್ಕು ಬಿಟ್ಟು ಸಹಿ ಮಾಡಿಬಿಡುತ್ತಾನೆ. ನಮ್ಮ ಧಾರವಾಡ ಜಿಲ್ಲೆಯ ಅಳ್ನಾವರದಂಥ ಊರಲ್ಲಿ ಹೀಗೆ ಹೊರಬಿದ್ದ ಹುಡುಗ ಇನ್ನೊಂದು ಶಾಲೆ ಹುಡುಕುವುದಕ್ಕಿಂತ ಗ್ಯಾರೇಜೋ ಇಟ್ಟಂಗಿ ಭಟ್ಟಿಯೋ ಸೇರುವ ಸಂಭವವೇ ಹೆಚ್ಚು. ಅಲ್ಲಿ ಚೀಟಿ ಕೊಡುವವರು ಇನ್ನೂ ನಾಲ್ಕು ಮಂದಿ.

ದೊಡ್ಡ ಊರಿನ ಮಕ್ಕಳೂ ಇದಕ್ಕೆ ಹೊರತಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಖಾಸಗಿ ಶಾಲೆಗಳಲ್ಲಿ ಬ್ಯಾಗ್ ತಪಾಸಣೆ ಮಾಡಿದಾಗ ಮೊಬೈಲು, ಸಿಗರೇಟು, ಲೈಟರು, ಕಾಂಡೋಮ್ ಸಿಕ್ಕಿದ್ದು ರಾಜ್ಯವಿಡೀ ಸುದ್ದಿಯಾಯಿತು. ಆಗ ಅಲ್ಲಿನ ಶಾಲೆಗಳು ಮಕ್ಕಳನ್ನು ಅಮಾನತು ಮಾಡದೆ ಪಾಲಕರನ್ನು ಕರೆದು ಆಪ್ತಸಮಾಲೋಚನೆ ಕೊಡಿಸಲು ಹೇಳಿದವು. ಕಾನೂನಿನ ಆಶಯಕ್ಕೂ ಅದೇ ಹತ್ತಿರ.

ಎಂಟನೇ ತರಗತಿಯವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಇದನ್ನು ತಡೆಯುತ್ತದೆ. ಹೊಡೆಯುವುದು, ಎಲ್ಲರೆದುರು ಅವಮಾನಿಸುವುದು 17ನೇ ಕಲಂ ಪ್ರಕಾರ ನಿಷಿದ್ಧ. ಒಂಬತ್ತು, ಹತ್ತನೇ ತರಗತಿಗೆ ಈ ಕಾಯ್ದೆಯ ನೇರ ರಕ್ಷೆ ಇಲ್ಲ, ನಿಜ. ಆದರೆ 18 ತುಂಬದ ಯಾವ ಮಗುವಿಗೂ ಅದರ ಹೊಣೆ ಹೊತ್ತವರು ಹಿಂಸೆ ಕೊಟ್ಟರೆ 2015ರ ಬಾಲ ನ್ಯಾಯ ಕಾಯ್ದೆಯ 75ನೇ ಕಲಂ ಇದೆ: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಅಥವಾ ಎರಡೂ. ‘ನನ್ನ ಮಗ, ನಾ ಹೊಡದ್ರ ಕೇಳಾವ್ರ ಯಾರು’ ಎನ್ನುವ ಅಪ್ಪಂದಿರೂ ಇದನ್ನೊಮ್ಮೆ ಓದಬೇಕು.

ಇನ್ನು ಅಂಗಡಿಯ ಸಂಗತಿ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಬಂದ ಉಪಾಯ ಎಲ್ಲರಿಗೂ ಗೊತ್ತು: ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡನ್ನೂ ಅಂಗೈಗೆ ಸುರಿದು ತಿಕ್ಕಿದರೆ ಅದೇ ಗುಟ್ಕಾ. ಹುಡುಗರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಶಾಲೆಯ ಸುತ್ತ 100 ಮೀಟರಿನೊಳಗೆ ಯಾರಿಗೂ, ಎಲ್ಲೇ ಆಗಲಿ 21 ವರ್ಷ ತುಂಬದವರಿಗೆ ತಂಬಾಕು ಮಾರಬಾರದೆಂದು ಕರ್ನಾಟಕದ ತಿದ್ದುಪಡಿ ಕಾನೂನು ಹೇಳುತ್ತದೆ. ಅದು ಜಾರಿಗೆ ಬಂದದ್ದು 2025ರಲ್ಲಿ, ದಂಡ 1,000 ರೂಪಾಯಿವರೆಗೆ. ಇದು ಸಣ್ಣ ಬರೆ. ದೊಡ್ಡದು ಬಾಲ ನ್ಯಾಯ ಕಾಯ್ದೆಯ 77ನೇ ಕಲಂ: ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವನಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಮಗುವಿನ ಕೈಯಿಂದ ಮದ್ಯ, ಮಾದಕ ವಸ್ತು ಮಾರಿಸಿದರೆ, ಸಾಗಿಸಿದರೆ 78ನೇ ಕಲಮಿನಲ್ಲೂ ಅಷ್ಟೇ ಶಿಕ್ಷೆ. ಒಂದು ತೊಡಕಿದೆ. 2021ರ ತಿದ್ದುಪಡಿ ಇಂಥ ಅಪರಾಧಗಳನ್ನು ಪೊಲೀಸರು ಕೋರ್ಟಿನ ಅನುಮತಿಯಿಲ್ಲದೆ ತನಿಖೆ ಮಾಡಲಾಗದ ಪಟ್ಟಿಗೆ ಸೇರಿಸಿತು. ಮಕ್ಕಳ ಹೆಸರಿನ ಕಾನೂನಿಗೆ ಇದು ಶೋಭೆಯಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಠಾಣೆಗೆ ಕೊಟ್ಟ ದೂರಿನ ಪ್ರತಿಯನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ಕಳಿಸಿ.

ಜಗಳ ಠಾಣೆಯ ಮೆಟ್ಟಿಲು ಹತ್ತಿದರೆ? 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಆಟದ ಜಗಳ ಬೆಳೆದು ಆರನೇ ತರಗತಿಯ ಬಾಲಕ ತನಗಿಂತ ದೊಡ್ಡ ಹುಡುಗನಿಗೆ ಚಾಕು ಹಾಕಿದ. ಆ ಹುಡುಗ ಬದುಕಲಿಲ್ಲ. ಅಂಥ ಘೋರ ಪ್ರಕರಣದಲ್ಲೂ 16 ತುಂಬದವನನ್ನು ದೊಡ್ಡವರಂತೆ ವಿಚಾರಣೆಗೆ ಒಳಪಡಿಸುವಂತಿಲ್ಲ. ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ. ಹಾಗಿದ್ದ ಮೇಲೆ ಶಾಲೆಯ ಹೊಡೆದಾಟ, ಸಣ್ಣ ಕಳವಿಗೆ ಲಾಕಪ್ ಎಲ್ಲಿಂದ ಬಂತು? ಯಾವ ಕಾರಣಕ್ಕೂ ಮಗುವನ್ನು ಲಾಕಪ್ಪಿಗೆ ಹಾಕಬಾರದು, ಕೋಳ ತೊಡಿಸಬಾರದು. ಪಾಲಕರಿಗೆ ತಿಳಿಸಿ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ದೊಡ್ಡವರು ಜೊತೆಗಿಲ್ಲದ, ಘೋರವಲ್ಲದ ಪ್ರಕರಣದಲ್ಲಿ ಎಫ್‌ಐಆರ್ ಹಾಕಬಾರದು, ಠಾಣೆಯ ದಿನಚರಿಯಲ್ಲಿ ಬರೆದುಕೊಳ್ಳಬೇಕು ಎನ್ನುತ್ತವೆ ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು. ಮಂಡಳಿ ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆ ಎಂದು ಆದೇಶಿಸಬಹುದು.

‘ಒಮ್ಮೆ ಕೇಸ್ ಆತಂದ್ರ ಮುಂದ ಪೊಲೀಸ್, ಮಿಲಿಟರಿ ನೌಕರಿ ಹೋತು’ ಎಂಬ ಹೆದರಿಕೆ ತೋರಿಸಿ ಠಾಣೆಯ ಹೊರಗೇ ರೊಕ್ಕದಲ್ಲಿ ಮುಗಿಸುವವರಿದ್ದಾರೆ. ಬಾಲ ನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಬಾಲ್ಯದ ಪ್ರಕರಣ ಮುಂದೆ ಅನರ್ಹತೆಯಾಗದು. ದೊಡ್ಡವನಂತೆ ವಿಚಾರಣೆಗೊಳಗಾದ 16 ದಾಟಿದವನು ಮಾತ್ರ ಇದಕ್ಕೆ ಹೊರತು. ಸಿಐಎಸ್‌ಎಫ್ ನೇಮಕಾತಿಯ ಪ್ರಕರಣವೊಂದರಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಬಾಲ್ಯದ ಕೇಸನ್ನು ನೌಕರಿಗೆ ಅಡ್ಡ ತರಲಾಗದೆಂದೇ ಹೇಳಿದೆ. ಇಂಥ ಪ್ರಕರಣದ ಮಗುವಿನ ಹೆಸರು, ಫೋಟೊ, ಶಾಲೆಯ ಹೆಸರನ್ನು ಪತ್ರಿಕೆಯಲ್ಲೋ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲೋ ಹರಿಬಿಟ್ಟವರಿಗೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಅಥವಾ ಎರಡೂ.

ಈ ಗದ್ದಲದಲ್ಲಿ ನಾವು ಮರೆಯುವುದು ಪೆಟ್ಟು ತಿಂದ ಮಗುವನ್ನು. ಹಳ್ಳಿಯ ಬಸ್ಸಿಗೆ ಕಾಯುವ ಹುಡುಗಿಯನ್ನು ಸೀನಿಯರುಗಳು ದಿನಾ ಕಾಡಿದರೆ ಅವಳು ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾಳೆ, ರಾತ್ರಿ ನಿದ್ದೆಗೆಡುತ್ತಾಳೆ, ಅಂಕ ಇಳಿಯುತ್ತದೆ. ಮನೆಯವರು ‘ಹುಡುಗಿ ಮೈಗಳ್ಳಿ’ ಎಂದು ಶಾಲೆ ಬಿಡಿಸುತ್ತಾರೆ. ಲೈಂಗಿಕ ಕಿರುಕುಳವಾಗಿದ್ದರೆ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಪೋಕ್ಸೊ ಕಾಯ್ದೆಯ ಪ್ರಕಾರ 6 ತಿಂಗಳವರೆಗೆ, ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಸಜೆ. ಬಾಲಕಿಯ ಹೇಳಿಕೆಯನ್ನು ಪೊಲೀಸರು ಸಮವಸ್ತ್ರ ಧರಿಸದೆ, ಅವಳ ಮನೆಯಲ್ಲೋ ಅವಳು ಬಯಸಿದ ಕಡೆಯೋ ಪಡೆಯಬೇಕು.

ಮಕ್ಕಳ ಸಹಾಯವಾಣಿ 1098, ಮಕ್ಕಳೇ ಕರೆ ಮಾಡಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎದುರಿಗೇ ತೋರಿಸಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆದಾಯ ಎಷ್ಟೇ ಇರಲಿ, ಮಕ್ಕಳಿಗೆ ವಕೀಲರ ನೆರವು ಉಚಿತ. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100.

ಶಾಲೆ ಟಿಸಿಗೆ ಒತ್ತಾಯಿಸಿದರೆ ಅಲ್ಲೇ ಸಹಿ ಮಾಡಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಅರ್ಜಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕಲು ಒಪ್ಪದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಬಿಇಒಗೂ ಧಾರವಾಡದ ಶಿಕ್ಷಣ ಇಲಾಖೆ ಉಪನಿರ್ದೇಶಕರಿಗೂ (ಡಿಡಿಪಿಐ) ಕಳಿಸಿ, ರಸೀದಿ ಜೋಪಾನವಾಗಿಡಿ.