ಗುಂಡು ಮಗು, ಗಟ್ಟಿ ಮಗುವೇ?

ಶಾಂತಮ್ಮನ ಮಗ ಪುಟ್ಟ. ಅವನಿಗೆ 3 ವರ್ಷ. ಕೆನ್ನೆ ದುಂಡಗೆ, ಹೊಟ್ಟೆ ದುಂಡಗೆ.

"ನಮ್ಮ ಪುಟ್ಟ ಗುಂಡುಕಲ್ಲಿನ ಹಾಗಿದ್ದಾನೆ" ಎಂದು ಅತ್ತೆಗೆ ಹೆಮ್ಮೆ. ದಿನಾ ಸಂಜೆ ದೃಷ್ಟಿ ತೆಗೆಯುತ್ತಿದ್ದರು.

ಬೆಳಿಗ್ಗೆ ಎದ್ದರೆ ಬಿಸ್ಕತ್ತು. ಅತ್ತರೆ ಚಿಪ್ಸ್ ಪೊಟ್ಟಣ. ಊಟಕ್ಕೆ ಕೂತರೆ ಕೈಯಲ್ಲಿ ಮೊಬೈಲು. ಎಷ್ಟು ತುತ್ತು ತಿಂದನೋ ಅವನಿಗೂ ಗೊತ್ತಿಲ್ಲ, ತಿನ್ನಿಸಿದವರಿಗೂ ಗೊತ್ತಿಲ್ಲ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು.

ಒಂದು ದಿನ ಅಂಗನವಾಡಿಯಲ್ಲಿ ಮಕ್ಕಳ ತೂಕ, ಎತ್ತರ ನೋಡಿದರು. ಟೀಚರ್ ತಾಯಿ ಕಾರ್ಡಿನಲ್ಲಿ ಬರೆದು ಕೊಟ್ಟರು. ಈಗ ಶಾಂತಮ್ಮನಿಗೆ ಓದಲು ಬರುತ್ತದೆ. ತಾನೇ ಓದಿದಳು. ತೂಕ 18 ಕಿಲೋ. ಎತ್ತರ 95 ಸೆಂಟಿಮೀಟರ್.

"18 ಕಿಲೋ ಇದ್ದಾನೆ. ಒಳ್ಳೇದಲ್ವಾ ಅಕ್ಕಾ?"

"ಇಷ್ಟು ಎತ್ತರದ ಗಂಡು ಮಗುವಿಗೆ ಸುಮಾರು 14 ಕಿಲೋ ಇದ್ದರೆ ಸಾಕು ಶಾಂತಮ್ಮ. ಎತ್ತರಕ್ಕೆ ತಕ್ಕ ತೂಕ ಇರಬೇಕು. ಕಡಿಮೆ ಆದರೂ ಕಷ್ಟ, ಜಾಸ್ತಿ ಆದರೂ ಕಷ್ಟ. ಒಂದ್ಸಲ ಡಾಕ್ಟರಿಗೆ ತೋರಿಸು."

ಶಾಂತಮ್ಮ ಅತ್ತೆಯನ್ನೂ ಕರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಳು.

"ತಿನ್ನೋ ಮಗುವಿನ ತಟ್ಟೆ ಕಿತ್ಕೊಳ್ಳೋಕಾಗುತ್ತಾ ಡಾಕ್ಟ್ರೇ?" ಎಂದರು ಅತ್ತೆ.

"ಕಿತ್ಕೋಬೇಡಿ ಅಜ್ಜಿ. ಬೆಳೆಯೋ ಮಗುವನ್ನ ಉಪವಾಸ ಕೆಡವಬಾರದು. ತೂಕ ಇಳಿಸೋ ಔಷಧಿನೂ ಬೇಡ. ಅನ್ನ, ಮುದ್ದೆ, ಸಾರು, ಸೊಪ್ಪು, ಮೊಟ್ಟೆ ಕೊಡಿ. ಅಂಗಡಿ ತಿಂಡಿ ಬಿಡಿಸಿ. ತೂಕ ಏರದೆ ನಿಂತರೂ ಸಾಕು, ಎತ್ತರ ಬೆಳೆದ ಹಾಗೆ ಸರಿಹೋಗುತ್ತೆ. ಹೀಗೇ ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವ ಭಯ ಹೆಚ್ಚು."

ಅತ್ತೆಗೆ ಸಕ್ಕರೆ ಕಾಯಿಲೆ ಇತ್ತು. ಅದರ ಕಷ್ಟ ಅವರಿಗೆ ಗೊತ್ತಿತ್ತು. ಸುಮ್ಮನಾದರು.

ಮಾರನೆಯ ದಿನ ಪುಟ್ಟ ಬಿಸ್ಕತ್ತಿಗೆ ಅತ್ತ. ಶಾಂತಮ್ಮ ಏನೂ ಹೇಳಲಿಲ್ಲ. ಅತ್ತೆಯೇ ಅವನ ಕೈಗೆ ಸೌತೆಕಾಯಿ ಹೋಳು ಕೊಟ್ಟರು. "ಬಾ ಮಗಾ, ಕರು ನೋಡೋಣ" ಎಂದು ಬೀದಿಗೆ ನಡೆಸಿಕೊಂಡು ಹೋದರು.

ನೆನಪಿಡಿ

1. ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು. ಆಮೇಲೆ ಮೆತ್ತನೆಯ ಊಟದ ಜೊತೆ 2 ವರ್ಷದವರೆಗೂ ಎದೆಹಾಲು ಕೊಡಿ.
2. 2 ವರ್ಷ ತುಂಬುವ ತನಕ ಸಕ್ಕರೆ ಬೆರೆಸಿದ ತಿಂಡಿ, ಪಾನೀಯ ಬೇಡ.
3. ಮಗು ಸಾಕು ಎಂದರೆ ಬಲವಂತ ಮಾಡಬೇಡಿ. ಮೊಬೈಲು ತೋರಿಸಿ ತಿನ್ನಿಸಬೇಡಿ.
4. 3 ವರ್ಷದ ಮಗು ದಿನಕ್ಕೆ 3 ಗಂಟೆಯಾದರೂ ಓಡಾಡಿ ಆಡಲಿ. 10 ರಿಂದ 13 ಗಂಟೆ ನಿದ್ದೆ ಮಾಡಲಿ.
5. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ.

ಯೋಚಿಸಿ, ಹೇಳಿ

1. ಪುಟ್ಟನ ತೂಕ ಹೆಚ್ಚಲು ಕಾರಣವೇನು?
2. ನಿಮ್ಮ ಮಗುವಿನ ತಾಯಿ ಕಾರ್ಡು ತೆರೆಯಿರಿ. ತೂಕ ಎಷ್ಟು? ಎತ್ತರ ಎಷ್ಟು? ಓದಿ ಹೇಳಿ.